ಪರಿಮಳಕ್ಕೊಬ್ಬ ಪ್ರತಿನಿಧಿ

1791ನೆಯ ಇಸವಿ. ಅಮೆರಿಕ ಸಂಯುಕ್ತ ಸಂಸ್ಥಾನಗಳ ವಿದೇಶಾಂಗ ಮಂತ್ರಿಯಾಗಿ ಫಿಲಡೆಲ್ಫಿಯಾ ನಗರದಲ್ಲಿದ್ದ ಥಾಮಸ್ ಜೆಫರ್ಸನ್, ಪ್ಯಾರಿಸಿನಲ್ಲಿದ್ದ ತನ್ನ ಆಪ್ತ ವಿಲಿಯಮ್ ಶಾರ್ಟನಿಗೆ ಒಂದು ಕಾಗದ ಬರೆದನು. ಮುಂದೆ ರಾಷ್ಟ್ರಾಧ್ಯಕ್ಷನಾಗಲಿದ್ದ ಆ ಮಹಾಶಯನ ಕಾಗದದಲ್ಲಿ ಅಡಿಗೆಮನೆಯ ಅಹವಾಲೊಂದಿತ್ತು. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಪೆತಿ ಎಂಬ ಫ್ರೆಂಚ್ ಸೇವಕ ಊರೆಲ್ಲ ಅಲೆದರೂ ವೆನಿಲ್ಲಾ ದೊರೆಯಲಿಲ್ಲವೆಂದೂ, ಆ ಪದಾರ್ಥದ ಪರಿಚಯವೇ ಆ ಊರಿನವರಿಗೆ ಇಲ್ಲವೆಂದೂ, ಆದ್ದರಿಂದ ಐವತ್ತು ಕೋಡುಗಳನ್ನು ವೃತ್ತಪತ್ರಿಕೆಗಳ ಕಟ್ಟಿನ ನಡುವೆ ಇಟ್ಟು ಕಳುಹಿಸಬೇಕೆಂದೂ ಅವನು ಕೇಳಿಕೊಂಡಿದ್ದನು. ಕಳಪೆ ಕೋಡನ್ನು ಮಾರಿ ಮೋಸಗೊಳಿಸುವವರು ಬಹಳ, ಬಲ್ಲವರ ಕೈಯಿಂದಲೇ ಕೊಳ್ಳಿಸಬೇಕು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಅವನು ಸ್ವಹಸ್ತದಲ್ಲಿ ಬರೆದಿಟ್ಟ, ವೆನಿಲ್ಲಾ ಕೋಡು ಹಾಕಿ ಮಾಡುವ ಐಸ್‌ಕ್ರೀಮಿನ ಪಾಕವಿಧಿ ಇಂದಿಗೂ ಆ ದೇಶದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಪ್ಯಾರಿಸಿನಲ್ಲಿ ಆಪ್ತರಿಲ್ಲದ ಸಾಮಾನ್ಯ ಗೃಹಿಣಿಯರು ಆಗ ಏನು ಮಾಡುತ್ತಿದ್ದರು? 1796ರಲ್ಲಿ ಅಮೇಲಿಯಾ ಸಿಮನ್ಸ್ ಎಂಬ ಮಹಿಳೆ ಪ್ರಕಟಿಸಿದ ‘ಅಮೆರಿಕನ್ ಕುಕರಿ’ ಎಂಬ ಪಾಕಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಕೇಕಿಗೂ ಪುಡ್ಡಿಂಗಿಗೂ ಆಕೆ ಹೇಳುವುದು ಗುಲಾಬಿ ನೀರು, ಜಾಯಿಕಾಯಿ, ದಾಲ್ಚಿನ್ನಿ. ಇಂಗ್ಲೆಂಡಿನಲ್ಲಿಯೂ ಪದ್ಧತಿ ಅದೇ ಆಗಿತ್ತು. ಪಾಶ್ಚಾತ್ಯ ಸಿಹಿತಿನಿಸುಗಳ ಜೀವವೇ ವೆನಿಲ್ಲಾ ಎಂದು ಇಂದು ನಂಬಿರುವವರಿಗೆ ಇದು ಸೋಜಿಗವೆನಿಸೀತು. ಹತ್ತೊಂಬತ್ತನೆಯ ಶತಮಾನ ನಡೆದಂತೆಲ್ಲ ವೆನಿಲ್ಲಾ ಮೆಲ್ಲಮೆಲ್ಲನೆ ಬಂದು ಗುಲಾಬಿ ನೀರನ್ನು ಮೂಲೆಗೆ ಸರಿಸಿ ಅದರ ಪೀಠವನ್ನು ಏರಿತು. ಎಂದಮೇಲೆ, ಭಾನುವಾರ ಮಧ್ಯಾಹ್ನ ಮಕ್ಕಳಿಗಾಗಿ ಕೇಕಿನ ಹಿಟ್ಟು ಕಲಸಲು ಕುಳಿತ ತಾಯಿ, ವೆನಿಲ್ಲಾ ಸೀಸೆ ಬರಿದಾಗಿರುವುದನ್ನು ಕಂಡು ಪೇಚಾಡಬೇಕಾದ ಕಾರಣವಿಲ್ಲ.

ಮುಖ್ಯ ದ್ರವ್ಯ ದೊರೆಯದಾಗ ಬೇರೊಂದನ್ನು ಅದರ ಸ್ಥಾನದಲ್ಲಿ ಕೂರಿಸುವ ವಿಚಾರವು ನಮ್ಮವರಿಗೂ ಹೊಸದಲ್ಲ. ಯಾಗಕ್ಕೆ ಸೋಮಲತೆ ಸಿಕ್ಕದಿದ್ದರೆ ಪೂತೀಕವನ್ನು ಹಿಂಡಬಹುದೆಂದು ಶ್ರೌತಗ್ರಂಥಗಳು ಹೇಳಿವೆ. ವ್ರೀಹಿಯೆಂಬ ಭತ್ತವಿಲ್ಲದಿದ್ದರೆ ನೀವಾರವೆಂಬ ಕಾಡುಭತ್ತವಾದೀತು. ಮೀಮಾಂಸಕರು ಇದಕ್ಕೆ ‘ಪ್ರತಿನಿಧಿ’ಯೆಂದು ಹೆಸರಿಟ್ಟು, ಮೂಲಕ್ಕೂ ಬದಲಿಗೂ ಸಾದೃಶ್ಯವಿರಬೇಕೆಂದು ವಾದಿಸಿದರು. ವೈದ್ಯಗ್ರಂಥವಾದ ‘ಭಾವಪ್ರಕಾಶ’ದಲ್ಲಿ ಇಂಥ ಪ್ರತಿನಿಧಿ ದ್ರವ್ಯಗಳ ಪಟ್ಟಿಯೇ ಇದೆ. ಕುಂಕುಮಕೇಸರಿ ಇಲ್ಲದಿದ್ದಲ್ಲಿ ಅದು ಹೇಳುವುದು ಕುಸುಬೆಯ ಹೂವನ್ನು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಮುಳ್ಳುಗಿಡವಾಗಿ ಬೆಳೆಯುವ ಕುಸುಬೆಗೆ ಕೇಸರಿಯ ಬಣ್ಣವೇನೋ ಉಂಟು; ಆದರೆ ಅದರ ಗಂಧವಿಲ್ಲ. ಹಾಲಿಗೆ ಬಣ್ಣ ಬೇಕೆಂದವರಿಗೆ ಅದು ಸಾಕು, ಗಂಧ ಬೇಕೆಂದವರಿಗೆ ಸಾಲದು. ಆದುದರಿಂದ ಯಾವ ಗುಣಕ್ಕಾಗಿ ಮೂಲವಸ್ತುವನ್ನು ಬಯಸಿದೆವು ಎಂಬುದನ್ನು ಮೊದಲು ತಿಳಿಯಬೇಕು. ಮೀಮಾಂಸಕರ ಈ ಪ್ರಶ್ನೆ ಕೇಕಿನ ಪಾತ್ರೆಯ ಮುಂದೆ ನಿಂತವರಿಗೂ ಅನ್ವಯಿಸುತ್ತದೆ.

ವೆನಿಲ್ಲಾ ಮಾಡುವ ಕೆಲಸ

ವೆನಿಲ್ಲಾ ಇಲ್ಲದಿದ್ದರೆ ಕೇಕು ಕೆಡುವುದಿಲ್ಲ. ಮೊಟ್ಟೆಯೋ ಸೋಡಾವೋ ತಪ್ಪಿದರೆ ಅದರ ಮೈಕಟ್ಟೇ ಕುಸಿದೀತು. ಪರಿಮಳದ್ರವ್ಯ ತಪ್ಪಿದರೆ ಉಬ್ಬುವುದೂ ಬೇಯುವುದೂ ಎಂದಿನಂತೆಯೇ ನಡೆಯುತ್ತವೆ. ನಷ್ಟವಾಗುವುದು ಮೂಗಿಗೆ. ವೆನಿಲ್ಲಾದ ದೊಡ್ಡ ಉಪಕಾರವೆಂದರೆ ಮೊಟ್ಟೆಯ ಹಸಿವಾಸನೆಯನ್ನು ಮುಚ್ಚುವುದು. ಅದಲ್ಲದೆ, ಇದ್ದಷ್ಟೇ ಸಕ್ಕರೆಯನ್ನು ನಾಲಿಗೆಗೆ ಇನ್ನಷ್ಟು ಸಿಹಿಯೆನಿಸುವಂತೆ ಮಾಡುವ ಶಕ್ತಿ ಅದರ ಗಂಧಕ್ಕಿದೆ. ಚಾಕಲೇಟಿನೊಡನೆ ಸೇರಿದಾಗಲಾದರೋ ತಾನು ಹಿಂದೆ ನಿಂತು, ಕೋಕೋವಿನ ಒರಟು ಕಹಿಯನ್ನು ನಯಗೊಳಿಸುತ್ತದೆ.

ಮೊಟ್ಟೆ ಹಾಕಿದ ಸಾದಾ ಕೇಕಿಗೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಯೋಗ್ಯ ಪ್ರತಿನಿಧಿ ಏಲಕ್ಕಿಯೇ. ಒಂದು ಚಹಾ ಚಮಚೆ ವೆನಿಲ್ಲಾ ಎಸೆನ್ಸ್ ಹೇಳಿರುವ ಕಡೆ ಕಾಲು ಚಮಚೆ ಪುಡಿ ಸಾಕು. ಅಂಗಡಿಯ ಹಳೆಯ ಪುಡಿಯಲ್ಲಿ ಗಂಧ ಹಾರಿಹೋಗಿರುತ್ತದೆ. ಸಿಪ್ಪೆ ಬಿಡಿಸಿದ ಕಾಳನ್ನು ಚಿಟಿಕೆ ಸಕ್ಕರೆಯೊಡನೆ ಆಗಲೇ ಕುಟ್ಟಬೇಕು. ಹೋಳಿಗೆಯ ಹೂರಣಕ್ಕೆ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ಏಲಕ್ಕಿಯ ಪರಿಮಳತೈಲ ಜಿಡ್ಡಿನಲ್ಲಿ ಕರಗುವಂಥದು. ಹಾಗಾಗಿ ಅದನ್ನು ಹಿಟ್ಟಿಗೆ ಉದುರಿಸುವುದಕ್ಕಿಂತ, ಬೆಣ್ಣೆ ಸಕ್ಕರೆಗಳನ್ನು ನೊರೆಯಾಗುವಂತೆ ತಿರುವುವಾಗಲೇ ಸೇರಿಸಿದರೆ ಗಂಧ ಬೆಣ್ಣೆಯನ್ನು ಹಿಡಿದುಕೊಂಡು ಓವನ್ನಿನ ಕಾವಿನಲ್ಲಿಯೂ ಉಳಿಯುತ್ತದೆ.

ಕಿತ್ತಳೆಯ ಸಿಪ್ಪೆ ಇನ್ನೊಂದು ಒಳ್ಳೆಯ ಉಪಾಯ. ಪರಿಮಳವಿರುವುದು ಹೊರಮೈಯ ಬಣ್ಣದ ಪದರದಲ್ಲಿ ಮಾತ್ರ. ಅದರ ಕೆಳಗಿನ ಬಿಳಿಯ ಪದರ ಕಹಿ. ಬಣ್ಣದ ಭಾಗವನ್ನಷ್ಟೇ ತುರಿದು ಸಕ್ಕರೆಯೊಡನೆ ಬೆರಳಿನಿಂದ ಉಜ್ಜಿದರೆ ಸಕ್ಕರೆ ತೇವಗೊಂಡು ಘಮಘಮಿಸುತ್ತದೆ. ಸಿಪ್ಪೆಯ ಬದಲು ರಸವನ್ನೇ ಸುರಿಯುವವರುಂಟು. ರಸದ ಹುಳಿ ಹಾಲನ್ನು ಒಡೆಯಿಸುತ್ತದೆ, ಸೋಡಾದ ಲೆಕ್ಕವನ್ನೂ ತಪ್ಪಿಸುತ್ತದೆ. ಪರಿಮಳವನ್ನು ಮಾತ್ರ ಹೆಚ್ಚು ಕೊಡುವುದಿಲ್ಲ.

ಕಾಸಿ ಮಾಡುವ ಕಸ್ಟರ್ಡಿಗೆ ಜಾಯಿಕಾಯಿಯನ್ನು ತೇಯ್ದೋ ತುರಿದೋ ಒಂದು ಚಿಟಿಕೆ ಹಾಕಬಹುದು. ಕೈ ಮೀರಿದರೆ ಕಹಿ. ಗುಲಾಬಿ ನೀರು ಒಂದು ಚಮಚೆಯವರೆಗೆ ಸೊಗಸು, ಅದರಾಚೆಗೆ ಸಾಬೂನಿನ ನೆನಪು. ಬಾದಾಮಿ ಎಸೆನ್ಸ್ ಮನೆಯಲ್ಲಿದ್ದರೆ ವೆನಿಲ್ಲಾದ ಅಳತೆಯ ಕಾಲುಭಾಗವೇ ಸಾಕು, ಅಷ್ಟು ತೀಕ್ಷ್ಣ ಅದು. ಈ ಎಸೆನ್ಸ್ ಕೂಡ ಒಬ್ಬ ಪ್ರತಿನಿಧಿಯೇ. ನಾವು ತಿನ್ನುವ ಸಿಹಿಬಾದಾಮಿಯಲ್ಲಿ ಆ ಗಂಧವಿಲ್ಲ, ಅದು ಕಹಿಬಾದಾಮಿಯದು. ಸೀಸೆಗಳಲ್ಲಿ ಬರುವುದು ಬಹುಮಟ್ಟಿಗೆ ಏಪ್ರಿಕಾಟ್ ಮತ್ತು ಪೀಚ್ ಹಣ್ಣುಗಳ ಓಟೆಯೊಳಗಿನ ಬೀಜದಿಂದ ತೆಗೆದುದು, ಇಲ್ಲವೇ ರಸಾಯನಶಾಲೆಯಲ್ಲಿ ಮಾಡಿದುದು.

ಚಾಕಲೇಟ್ ಕೇಕಿನ ನ್ಯಾಯ ಬೇರೆ. ಅಲ್ಲಿ ವೆನಿಲ್ಲಾ ಹಿಂದೆ ನಿಲ್ಲುವ ಆಳಾದುದರಿಂದ ಅದರ ಬದಲು ಗಟ್ಟಿ ಕಾಫಿ ಡಿಕಾಕ್ಷನ್ನನ್ನು ಎರಡು ಚಮಚೆ ಹಾಕಿ, ಅಷ್ಟೇ ಹಾಲನ್ನು ಕಡಿಮೆ ಮಾಡಿದರೆ ಕಾಫಿಯ ರುಚಿ ಕಾಣಿಸದೆ ಕೋಕೋ ಕಳೆಗಟ್ಟುತ್ತದೆ. ಬಿಸ್ಕತ್ತುಗಳಿಗಾದರೆ ಯಾವ ಮಸಾಲೆಯೂ ಬೇಕಿಲ್ಲ. ಬೆಣ್ಣೆಯನ್ನು ತುಪ್ಪವಾಗುವ ಹದಕ್ಕೆ ಕಾಯಿಸಿ, ತಳದಲ್ಲಿ ಕೂಡುವ ಕಂದುಬಣ್ಣದ ಗಸಿಯನ್ನು ಸೋಸದೆ ಹಾಗೆಯೇ ಆರಿಸಿ ಬಳಸಿದರೆ ಹೊಸ ಪರಿಮಳವೇ ಹುಟ್ಟುತ್ತದೆ. ಮಲಯ, ಥಾಯ್ಲೆಂಡ್ ಮುಂತಾದ ಪೂರ್ವದೇಶಗಳಲ್ಲಿ ವೆನಿಲ್ಲಾದ ಗೌರವವನ್ನು ಪಾಂಡಾನ್ ಎಂಬ ಎಲೆಗೆ ಕೊಡುತ್ತಾರೆ. ನಮ್ಮ ಕೇದಗೆಯ ಹತ್ತಿರದ ನಂಟ ಅದು. ಬಾಸುಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಅದರಲ್ಲಿಯೂ ಇದೆ.

ಮೊಟ್ಟೆಯಿಲ್ಲದ ಕೇಕಿಗೆ ಇಷ್ಟು ಚಿಂತೆಯೂ ಬೇಡ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಸಂಪ್ರದಾಯದಂತೆ ಮೊಟ್ಟೆ ಬಿಟ್ಟು ಮಾಡಿದಲ್ಲಿ ಮುಚ್ಚಬೇಕಾದ ವಾಸನೆಯೇ ಇರುವುದಿಲ್ಲ; ವೆನಿಲ್ಲಾದ ಅರ್ಧ ಕೆಲಸ ಅಲ್ಲಿಗೆ ಮುಗಿದಂತೆ.

ಸೀಸೆಯಲ್ಲಿ ಇದ್ದುದೇನು?

ಬರಿದಾದ ಆ ಸೀಸೆಯಲ್ಲಿ ಮೊದಲು ಏನಿತ್ತು ಎಂದು ವಿಚಾರಿಸಿದರೆ ಕಥೆ ಸ್ವಾರಸ್ಯವಾಗುತ್ತದೆ. ಪೇಟೆಯಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುವ ವೆನಿಲ್ಲಾ ಎಸೆನ್ಸಿಗೂ ವೆನಿಲ್ಲಾ ಬಳ್ಳಿಗೂ ಸಾಮಾನ್ಯವಾಗಿ ಯಾವ ಸಂಬಂಧವೂ ಇಲ್ಲ. ಪ್ರತಿನಿಧಿಯನ್ನೇ ನಾವು ಯಜಮಾನನೆಂದು ತಿಳಿದು, ಅವನು ಮನೆಯಲ್ಲಿಲ್ಲವೆಂದು ಪೇಚಾಡುತ್ತಿರುತ್ತೇವೆ.

1858ರಲ್ಲಿ ಗೊಬ್ಲೆ ಎಂಬ ಫ್ರೆಂಚ್ ರಸಾಯನಜ್ಞನು ವೆನಿಲ್ಲಾ ಕೋಡಿನ ಸಾರದಿಂದ ಅದರ ಮುಖ್ಯ ಗಂಧವಸ್ತುವನ್ನು ಬಿಳಿಯ ಹರಳುಗಳ ರೂಪದಲ್ಲಿ ಬೇರ್ಪಡಿಸಿದನು. ಅದೇ ವೆನಿಲಿನ್. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬಿಬ್ಬರು ಅದೇ ವಸ್ತುವನ್ನು ದೇವದಾರು ಜಾತಿಯ ಮರಗಳ ರಸದಲ್ಲಿರುವ ಕೋನಿಫೆರಿನ್ ಎಂಬ ಪದಾರ್ಥದಿಂದ ತಯಾರಿಸಿ ತೋರಿಸಿದರು. ಹೋಲ್ಟ್ಸ್‌ಮಿಂಡನ್ ಎಂಬ ಊರಿನಲ್ಲಿ ಕಾರ್ಖಾನೆಯೂ ಎದ್ದಿತು. ಅನಂತರ ಲವಂಗದ ಎಣ್ಣೆಯಿಂದ ವೆನಿಲಿನ್ ಬಂತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಗಳು ಹೊಳೆಗೆ ಬಿಡುತ್ತಿದ್ದ ಮರದ ತಿರುಳಿನ ಕೊಳೆನೀರಿನಿಂದಲೂ ಅದನ್ನು ತೆಗೆಯುವ ವಿಧಾನ ಕೈಗೂಡಿತು. ಈಗ ಹೆಚ್ಚಿನದು ಕಲ್ಲೆಣ್ಣೆಯಿಂದ ಹುಟ್ಟುವ ಗ್ವಾಯಕಾಲ್ ಎಂಬ ವಸ್ತುವಿನಿಂದ ತಯಾರಾಗುತ್ತದೆ. ಜಗತ್ತು ಬಳಸುವ ವೆನಿಲಿನ್ನಿನಲ್ಲಿ ನೂರರಲ್ಲಿ ಒಂದು ಪಾಲು ಕೂಡ ಇಂದು ಬಳ್ಳಿಯಿಂದ ಬರುವುದಿಲ್ಲ.

ಹಾಗೆಂದು ಮೂಗು ಮುರಿಯುವುದು ತರವಲ್ಲ. ಕೋಡಿನಲ್ಲಿರುವ ವೆನಿಲಿನ್ನಿಗೂ ಕಾರ್ಖಾನೆಯ ವೆನಿಲಿನ್ನಿಗೂ ರಚನೆಯಲ್ಲಿ ಭೇದವಿಲ್ಲ. ಭೇದವಿರುವುದು ಪರಿವಾರದಲ್ಲಿ. ಕೋಡಿನಲ್ಲಿ ವೆನಿಲಿನ್ನಿನ ಜೊತೆಗೆ ಹೂವಿನ, ಹೊಗೆಯ, ಒಣಹಣ್ಣಿನ ಛಾಯೆಗಳುಳ್ಳ ನೂರಾರು ಸಣ್ಣಪುಟ್ಟ ಪದಾರ್ಥಗಳಿವೆ. ಓವನ್ನಿನ ಉರಿಯಲ್ಲಿ ಬೇಯುವ ಕೇಕು ಬಿಸ್ಕತ್ತುಗಳಲ್ಲಿ ಈ ಸೂಕ್ಷ್ಮಗಳು ಬಹುಪಾಲು ಹಾರಿಹೋಗುವುದರಿಂದ, ಕಣ್ಣುಮುಚ್ಚಿ ತಿಂದವರಿಗೆ ಅಸಲಿ ನಕಲಿಗಳ ವ್ಯತ್ಯಾಸ ತಿಳಿಯುವುದು ಕಷ್ಟ. ಐಸ್‌ಕ್ರೀಮ್, ಕಸ್ಟರ್ಡುಗಳಲ್ಲಿ ಮಾತ್ರ ಕೋಡು ತನ್ನ ಹಿರಿಮೆಯನ್ನು ಮೆರೆಯುತ್ತದೆ. ದುಬಾರಿ ಕೋಡನ್ನು ಕೊಂಡು ತಂದು ಕೇಕಿಗೆ ಹಾಕುವುದು ಜಾಣತನವಲ್ಲ.

ಒಬ್ಬ ಹುಡುಗನ ಕೈಚಳಕ

ಕೋಡು ಇಷ್ಟು ದುಬಾರಿಯಾಗಲು ಕಾರಣ ಅದರ ಹೂವಿನ ಹಟಮಾರಿತನ. ವೆನಿಲ್ಲಾ ಮೆಕ್ಸಿಕೋ ದೇಶದ ಒಂದು ಆರ್ಕಿಡ್ ಬಳ್ಳಿ. ಹೂ ಅರಳುವುದು ಒಂದೇ ಹೊತ್ತು. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಗಂಡು ಹೆಣ್ಣು ಭಾಗಗಳ ನಡುವೆ ತೆಳುವಾದ ಪೊರೆಯೊಂದು ಅಡ್ಡವಿರುವುದರಿಂದ ಪರಾಗ ತಾನಾಗಿ ಮುಟ್ಟಲಾರದು. ಬಳ್ಳಿಯನ್ನು ಬೇರೆ ದೇಶಗಳಿಗೆ ಒಯ್ದು ನೆಟ್ಟವರಿಗೆ ಹಸುರು ಸಿಕ್ಕಿತು, ಹೂ ಸಿಕ್ಕಿತು, ಕೋಡು ಸಿಕ್ಕಲಿಲ್ಲ. ಬೆಲ್ಜಿಯಮಿನ ಸಸ್ಯಶಾಸ್ತ್ರಜ್ಞ ಮೋರೆನ್ 1836ರಲ್ಲಿ ಕೃತಕವಾಗಿ ಪರಾಗಸ್ಪರ್ಶ ಮಾಡಿ ಕಾಯಿ ಬಿಡಿಸಿದನಾದರೂ, ತೋಟಗಾರನ ಕೈಗೆ ಒದಗುವ ಸುಲಭೋಪಾಯ ಬಂದುದು ಬೇರೆಡೆಯಿಂದ.

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಬೆಲ್ಯೇ-ಬೋಮೊಂ ಎಂಬ ತೋಟದ ಯಜಮಾನನಿದ್ದನು. 1841ರಲ್ಲಿ ಒಂದು ದಿನ ತನ್ನ ಬಂಜೆ ಬಳ್ಳಿಯಲ್ಲಿ ಕೋಡು ಕಚ್ಚಿರುವುದನ್ನು ಕಂಡು ಅವನು ಬೆರಗಾದನು. ಜೊತೆಯಲ್ಲಿದ್ದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಅದು ತನ್ನ ಕೆಲಸವೆಂದನು. ಮೊದಲು ನಂಬಿಕೆ ಬರಲಿಲ್ಲ. ಹುಡುಗನು ಸಣ್ಣ ಕಡ್ಡಿಯೊಂದರಿಂದ ಹೂವಿನ ಪೊರೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ತೋರಿಸಿದನು. ಕೆಲವು ಕ್ಷಣಗಳ ಕೆಲಸ. ನೆರೆಯ ತೋಟಗಳವರು ಅವನನ್ನು ಕರೆಸಿಕೊಂಡು ಕಲಿತರು. ದ್ವೀಪದಿಂದ ವಿದ್ಯೆ ಮಡಗಾಸ್ಕರಿಗೆ ಹಬ್ಬಿತು. ಅಲ್ಲಿಂದಾಚೆ ಜಗತ್ತಿನ ವೆನಿಲ್ಲಾ ಪೇಟೆಯೇ ಮೆಕ್ಸಿಕೋದ ಕೈತಪ್ಪಿತು. 1848ರಲ್ಲಿ ದಾಸ್ಯ ರದ್ದಾದಾಗ ಎಡ್ಮಂಡನಿಗೆ ಬಿಡುಗಡೆಯೂ ಆಲ್ಬಿಯಸ್ ಎಂಬ ಉಪನಾಮವೂ ದೊರೆತವು. ಹಣ ದೊರೆಯಲಿಲ್ಲ. ಕಳವಿನ ಆರೋಪದ ಮೇಲೆ ಸೆರೆಮನೆಯನ್ನೂ ಕಂಡನು. ಆ ವಿದ್ಯೆಯನ್ನು ಕಲಿಸಿದವನು ತಾನೆಂದು ವಿದ್ವಾಂಸನೊಬ್ಬ ಹೇಳಿಕೊಂಡಾಗ, ಹಳೆಯ ಯಜಮಾನನೇ ಹುಡುಗನ ಪರವಾಗಿ ಪತ್ರ ಬರೆದು ವಾದಿಸಬೇಕಾಯಿತು. 1880ರಲ್ಲಿ ಆಲ್ಬಿಯಸ್ ಬಡತನದಲ್ಲಿ ಸತ್ತನು. ಇಂದಿಗೂ ವೆನಿಲ್ಲಾ ಬೆಳೆಯುವೆಡೆಯೆಲ್ಲ ನಡೆಯುವುದು ಅವನ ಪದ್ಧತಿಯೇ.

ಕೋಡು ಬಲಿಯಲು ಒಂಬತ್ತು ತಿಂಗಳು ಬೇಕು. ಕಿತ್ತ ಹಸಿಕೋಡಿಗೆ ಪರಿಮಳವೇ ಇಲ್ಲ! ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲು ನೆರಳುಗಳಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಅದು ಕಪ್ಪಾಗಿ ಘಮಘಮಿಸುವುದು. ಐದಾರು ಕಿಲೋ ಹಸಿಕೋಡಿಗೆ ಒಂದು ಕಿಲೋ ಸಂಸ್ಕರಿಸಿದ ಕೋಡು. ಅದರಲ್ಲಿ ವೆನಿಲಿನ್ ಇರುವುದು ನೂರಕ್ಕೆ ಎರಡರಷ್ಟು. ಇಷ್ಟು ಪಾಡುಪಟ್ಟು ಪಡೆಯುವ ಗಂಧ ಕಾರ್ಖಾನೆಯಲ್ಲಿ ಚೀಲಗಟ್ಟಲೆ ಸುರಿಯತೊಡಗಿದಾಗ ಬೆಳೆಗಾರನ ಗತಿಯೇನಾದೀತು?

ಬದಲಿಯನ್ನು ಬದಲಿಯೆಂದು ಹೇಳಿ ಮಾರಿದರೆ ಅಷ್ಟರಮಟ್ಟಿಗೆ ನ್ಯಾಯ. ಜರ್ಮನಿಯ ಅಂಗಡಿಗಳಲ್ಲಿ ಪರಿಮಳದ ಸಕ್ಕರೆಯ ಎರಡು ಬಗೆಯ ಪೊಟ್ಟಣಗಳಿವೆ: ಕೋಡಿನದಕ್ಕೆ ‘ವೆನಿಲ್ಲಾ ಸಕ್ಕರೆ’, ಕಾರ್ಖಾನೆಯದಕ್ಕೆ ‘ವೆನಿಲಿನ್ ಸಕ್ಕರೆ’. ಭೇದ ಒಂದೆರಡು ಅಕ್ಷರಗಳದು. ಓದಿಕೊಳ್ಳುವವರಿಗೆ ಅದೇ ಸಾಕು. ಎಲ್ಲ ಕಡೆಯೂ ಹೀಗೆ ನಡೆಯಲಿಲ್ಲ. ಟೊಂಕಾ ಎಂಬ ದಕ್ಷಿಣ ಅಮೆರಿಕದ ಬೀಜದಲ್ಲಿರುವ ಕೌಮರಿನ್ ಎಂಬ ವಸ್ತುವಿಗೆ ವೆನಿಲ್ಲಾದಂಥ ಕಂಪಿದೆ. ಅಗ್ಗವೆಂದು ಅದನ್ನು ಬೆರೆಸಿ ಮಾರುವ ವ್ಯಾಪಾರ ಬಹುಕಾಲ ನಡೆಯಿತು. ಅದು ಯಕೃತ್ತಿಗೆ ಹಾನಿಕರವೆಂದು ಕಂಡುಬಂದು, ಅಮೆರಿಕವು 1954ರಲ್ಲಿ ಆಹಾರಕ್ಕೆ ಅದನ್ನು ಸೇರಿಸುವುದನ್ನು ನಿಷೇಧಿಸಿತು. ಪ್ರತಿನಿಧಿಯ ಸಾದೃಶ್ಯ ಮೂಗಿಗಷ್ಟೇ ಇದ್ದರೆ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮಲೆನಾಡಿನ ತೋಟಗಳಲ್ಲಿ

ದೂರದ ಬಿಸ್ಕತ್ತು ಕಾರ್ಖಾನೆಯವನು ಪರಿಮಳವನ್ನು ಬದಲಿಸಿದರೆ ಶಿರಸಿಯ ಅಡಿಕೆ ತೋಟಕ್ಕೇನು ಎಂದು ಕೇಳಬಹುದು. ಅದರ ಬಿಸಿಯನ್ನು ನಮ್ಮ ಬೆಳೆಗಾರರು ಚೆನ್ನಾಗಿಯೇ ಉಂಡಿದ್ದಾರೆ.

2000ದ ಏಪ್ರಿಲಿನಲ್ಲಿ ಹುದಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ಸೀಮೆಯನ್ನು ಹೊಡೆಯಿತು. ಜಗತ್ತಿನ ಬಹುಪಾಲು ಕೋಡು ಬೆಳೆಯುವ ನಾಡು ಅದು. ಬೆಲೆ ಏರುತ್ತ ಏರುತ್ತ 2003ರ ಹೊತ್ತಿಗೆ ಸಂಸ್ಕರಿಸಿದ ಕೋಡು ಕಿಲೋಗೆ 500 ಡಾಲರಿನ ಆಸುಪಾಸಿಗೆ ಮುಟ್ಟಿತು. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡಗಳಲ್ಲಿ ವೆನಿಲ್ಲಾದ ಹುಚ್ಚು ಹೊಳೆಯಾಗಿ ಹರಿಯಿತು. ಅಡಿಕೆ ಮರಗಳ ನಡುವೆ ಗ್ಲಿರಿಸಿಡಿಯಾ ಗೂಟ ನೆಟ್ಟು ಬಳ್ಳಿ ಹಬ್ಬಿಸಿದರು. ಬಳ್ಳಿಯ ತುಂಡಿಗೂ ಚಿನ್ನದ ಬೆಲೆ. ಬೆಳಗಾಗುತ್ತಲೇ ಮನೆಮಂದಿಯೆಲ್ಲ ಕಡ್ಡಿ ಹಿಡಿದು ತೋಟಕ್ಕಿಳಿದು, ಆಲ್ಬಿಯಸ್ ತೋರಿಸಿದ ರೀತಿಯಲ್ಲಿಯೇ ಹೂವಿಂದ ಹೂವಿಗೆ ಪರಾಗಸ್ಪರ್ಶ ಮಾಡುವರು. ಹಸಿಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದ ಆ ದಿನಗಳಲ್ಲಿ ಕಳ್ಳರ ಭಯಕ್ಕೆ ತೋಟದಲ್ಲಿಯೇ ಮಲಗಿದವರುಂಟು. ನಾಯಿ ಕಟ್ಟಿದವರುಂಟು, ದೀಪ ಹಾಕಿಸಿದವರುಂಟು.

ಅತ್ತ, ಕೊಳ್ಳುವವರು ಸುಮ್ಮನಿರಲಿಲ್ಲ. ಅಷ್ಟು ಬೆಲೆ ತೆರಲಾರದ ಐಸ್‌ಕ್ರೀಮ್, ಬಿಸ್ಕತ್ತುಗಳ ತಯಾರಕರು ಕೋಡನ್ನು ಬಿಟ್ಟು ವೆನಿಲಿನ್ನಿಗೆ ತಿರುಗಿದರು. ಬರಿದಾದ ಸೀಸೆಯ ಮುಂದೆ ಗೃಹಿಣಿ ಮಾಡುವ ಕೆಲಸವನ್ನೇ ಅವರು ಟನ್ನುಗಳ ಲೆಕ್ಕದಲ್ಲಿ ಮಾಡಿದರು. ಅದೇ ಕಾಲಕ್ಕೆ ಹತ್ತಾರು ದೇಶಗಳಲ್ಲಿ ಹೊಸದಾಗಿ ನೆಟ್ಟ ಬಳ್ಳಿಗಳು ಫಲಕ್ಕೆ ಬಂದವು. 2005ರ ಹೊತ್ತಿಗೆ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಕುಸಿದಿತ್ತು. ಮೇಲಿಂದ ಬಳ್ಳಿಗೆ ಕೊಳೆರೋಗ. ಸಾಲ ಮಾಡಿ ನೆಟ್ಟವರು ಬಳ್ಳಿಯನ್ನು ಕಿತ್ತು ಬದುವಿಗೆಸೆದರು. ಕೊಳ್ಳುವವರಿಲ್ಲದೆ ಮನೆಯ ಡಬ್ಬಿಗಳಲ್ಲಿ ಕೋಡು ಉಳಿಯಿತು. ಒಮ್ಮೆ ಬದಲಿಯ ರುಚಿಗೆ ಒಗ್ಗಿದ ಕಾರ್ಖಾನೆಗಳು ಬೆಲೆ ಇಳಿದೊಡನೆ ಎಲ್ಲವೂ ಹಿಂದಕ್ಕೆ ಬರಲಿಲ್ಲ. 2017ರಲ್ಲಿ ಎನಾವೊ ಚಂಡಮಾರುತ ಮಡಗಾಸ್ಕರನ್ನು ಬಡಿದಾಗ ಬೆಲೆ ಮತ್ತೊಮ್ಮೆ ಗಗನಕ್ಕೇರಿ, ಕೆಲವು ವರ್ಷಗಳಲ್ಲಿ ಮತ್ತೆ ಇಳಿಯಿತು. ಮೊದಲ ಏಟು ತಿಂದಿದ್ದವರು ಈ ಸಲ ಅವಸರ ಪಡದೆ, ಅಡಿಕೆ ಕಾಳುಮೆಣಸುಗಳ ನಡುವೆ ನಾಲ್ಕು ಬಳ್ಳಿ ಇರಲಿ ಎನ್ನುವಷ್ಟಕ್ಕೆ ನಿಂತುದು ವಿವೇಕವೇ ಸರಿ.

ಅಂಥ ತೋಟದಿಂದ ಒಂದು ಕೋಡು ಕೈಗೆ ಬಂದರೆ ಅದನ್ನು ಕೇಕಿಗೆ ಹಾಕಬಾರದು. ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜದ ತಿರುಳನ್ನು ಚಾಕುವಿನ ಬೆನ್ನಿನಿಂದ ಕೆರೆದು, ಸಿಪ್ಪೆಯ ಸಮೇತ ಅರ್ಧ ಲೀಟರು ಹಾಲಿನಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ, ಇಳಿಸಿ ಅರ್ಧ ಗಂಟೆ ಮುಚ್ಚಿಟ್ಟು, ಆ ಹಾಲಿನಿಂದ ಕಸ್ಟರ್ಡ್ ಮಾಡಬೇಕು. ಸಿಪ್ಪೆಯನ್ನು ಎಸೆಯುವುದು ಬೇಡ. ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸಕ್ಕರೆಯ ಡಬ್ಬಿಯಲ್ಲಿ ಹೂತು ಮುಚ್ಚಳ ಬಿಗಿದಿಟ್ಟರೆ ಎರಡು ಮೂರು ವಾರಗಳಲ್ಲಿ ಸಕ್ಕರೆಯೆಲ್ಲ ಪರಿಮಳಗೊಳ್ಳುತ್ತದೆ. ಮುಂದಿನ ಭಾನುವಾರಗಳ ಕೇಕಿಗೆ ಆ ಸಕ್ಕರೆ ಸಾಕು.